ಹದಿನಾಲ್ಕನೇ ನಂಬರಿನ ಗಂಟೆ

ಮೈಬೂಬಸಾಬರ ಮೇಜಿನ ಫೋನು ಗಂಟೆ ಹೊಡೆಯದಂತೆ ಮಾಡಿದವನು ನಾನು. ಅದು ಸರಿಯಾಗಿಯೇ ಇತ್ತು ಎಂದು ಎಲ್ಲರ ಮುಂದೆ ಹೇಳಿದವನೂ ನಾನೇ. ಮೊದಲನೆಯದನ್ನು ಸೋಮಾರಿತನ ಎಂದು ಯಾರಾದರೂ ಮನ್ನಿಸಿಯಾರು. ಎರಡನೆಯದಕ್ಕೆ ಏನೆನ್ನಬೇಕೋ — ಸುಳ್ಳು ಎಂಬ ಮಾತು ಸಾಲದು.

ಎಂಬತ್ತರ ದಶಕದಲ್ಲಿ ನಾನು ಅಫಜಲಪುರದ ಒಂದು ಕಚೇರಿಯಲ್ಲಿ ಫೋನ್ ಮೆಕ್ಯಾನಿಕ್ ಆಗಿದ್ದೆ. ಹೊರಗಿನಿಂದ ಬಂದ ಕರೆಯನ್ನು ಆಪರೇಟರ್ ಶಾಂತಾಬಾಯಿ ಒಳಗಿನ ಹದಿನೈದು ಫೋನುಗಳಲ್ಲಿ ಬೇಕಾದದ್ದಕ್ಕೆ ಜೋಡಿಸುತ್ತಿದ್ದಳು. ಹದಿನಾಲ್ಕನೇ ನಂಬರು ಅಂಗಳದಾಚೆಯ ಕೋಣೆಯಲ್ಲಿತ್ತು. ಅಲ್ಲಿ ಕೂರುತ್ತಿದ್ದ ಗುಮಾಸ್ತರು ಮೈಬೂಬಸಾಬರು, ಮಣ್ಣೂರಿನವರು. ಭೀಮಾ ನದಿಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಸುದ್ದಿ ಅವರಿಗೇ ಬರಬೇಕು. ದಂಡೆಯ ಹಳ್ಳಿಗಳಿಗೆ ಅವರೇ ತಿಳಿಸಬೇಕು.

ಒಂದು ದಿನ ಕಚೇರಿಯ ಸಾಹೇಬರ ಫೋನಿನಲ್ಲಿ ಗಂಟೆ ಹೊಡೆಸುವ ತಂತಿಸುರುಳಿ, ಕಾಯಿಲ್, ಸುಟ್ಟುಹೋಯಿತು. ಹೊಸದು ಕಲಬುರ್ಗಿಯಿಂದ ಬರಬೇಕಿತ್ತು. ಸಾಹೇಬರನ್ನು ಕಾಯಿಸುವುದೆಂತು? ಮೈಬೂಬಸಾಬರು ಇಲ್ಲದ ಹೊತ್ತಿನಲ್ಲಿ ಅವರ ಫೋನು ಬಿಚ್ಚಿ, ಕಾಯಿಲ್ ತೆಗೆದು ಸಾಹೇಬರದಕ್ಕೆ ಹಾಕಿದೆ. ಎರಡು ದಿನದ ಮಾತು, ಹೇಳುವುದೇಕೆ ಎಂದುಕೊಂಡೆ. ಹೊಸ ಕಾಯಿಲ್ ಬಂತು — ನನ್ನ ಡ್ರಾವರಿನಲ್ಲಿ ಬಿದ್ದಿತ್ತು.

ಅವರು ಎರಡು ಸಲ ಬಂದು ಹೇಳಿದರು.

“ಶರಣಪ್ಪನವ್ರ, ನನ್ನ ಫೋನು ಮೂಕ ಆಗ್ಯದ್ರಿ. ನಾ ಮಾತಾಡಿದ್ರ ಹೋಗ್ತದ. ಯಾರರ ಕರದ್ರ ಗಂಟೀನೇ ಹೊಡಿಯಂಗಿಲ್ಲ. ಜರಾ ನೋಡ್ರಿ.”

“ನೋಡ್ತೇನಿ ತಗೋರಿ” ಎಂದೆ. ನೋಡಲಿಲ್ಲ.

ಆ ವಾರವೇ ನೀರು ಬಿಟ್ಟರು. ಬೆಳಿಗ್ಗೆಯಿಂದ ಮೂರು ಸಲ ಕರೆ ಬಂತು. ಮೂರೂ ಸಲ ಶಾಂತಾಬಾಯಿ ಹದಿನಾಲ್ಕಕ್ಕೆ ಜೋಡಿಸಿದಳು. ಗಂಟೆ ಹೋಗುತ್ತಿರುವ ಸದ್ದು ಅವಳ ಕಿವಿಗೆ ಕೇಳುತ್ತಿತ್ತು. ಅತ್ತ ಫೋನು ನಿಜವಾಗಿ ಹೊಡೆಯಿತೋ ಇಲ್ಲವೋ ಅವಳಿಗೆ ತಿಳಿಯುವಂತಿರಲಿಲ್ಲ. ಬೋರ್ಡು ಬಿಟ್ಟು ಅವಳು ಏಳುವಂತಿರಲಿಲ್ಲ, ಕಚೇರಿಯ ಸಿಪಾಯಿ ಟಪಾಲು ಹಂಚಲು ಹೋಗಿದ್ದ. ಅವನು ಮರಳಿ ಅಂಗಳ ದಾಟಿ ಸುದ್ದಿ ಮುಟ್ಟಿಸುವ ಹೊತ್ತಿಗೆ ಮಣ್ಣೂರಿನ ದಂಡೆ ಮುಳುಗಿತ್ತು. ಮನುಷ್ಯರು ಉಳಿದರು. ಕುರಿಗಳು, ಪಂಪುಗಳು ಹೋದವು. ಹೆಚ್ಚಿನ ಕುರಿಗಳು ಮೈಬೂಬಸಾಬರ ಸ್ವಂತ ಅಣ್ಣನವು.

ಮರುದಿನ ವಿಚಾರಣೆ. ಯಾರೂ ಬರುವ ಮೊದಲೇ ನಾನು ಆ ಕೋಣೆಗೆ ಹೋಗಿ ಡ್ರಾವರಿನ ಕಾಯಿಲ್ ಹಾಕಿ, ಸ್ಕ್ರೂ ಬಿಗಿದು, ಬೆರಳ ಗುರುತು ಕೂಡ ಒರೆಸಿದೆ. ಎಷ್ಟು ಹೊತ್ತಿನ ಕೆಲಸ ಅದು! ಒಂದು ಚಹಾ ಕುಡಿಯುವಷ್ಟೂ ಇಲ್ಲ.

ಸಾಹೇಬರು ಬಂದರು. “ಗಂಟಿ ಹೊಡೀಲೇ ಇಲ್ರಿ ಸಾಹೇಬ್ರ, ನಾ ಇಲ್ಲೇ ಕುಂತಿದ್ದೆ” ಎಂದರು ಮೈಬೂಬಸಾಬರು. ಶಾಂತಾಬಾಯಿಗೆ ಹೇಳಿ ಕರೆ ಕೊಡಿಸಿದೆ. ಫೋನು ಕೋಣೆ ತುಂಬ ಕೂಗಿತು.

“ಫೋನ್ ಸರಿ ಅದರಿ” ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. “ಮೊದಲ ಇವ್ರು ಹೇಳಿದಾಗೂ ನೋಡಿದ್ದೆ. ಆಗೂ ಸರಿನೇ ಇತ್ತು.”

ಮೈಬೂಬಸಾಬರು ನನ್ನ ಮೇಲೆ ಸಿಟ್ಟಾಗಲಿಲ್ಲ. ಫೋನನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ, “ಹಂಗಾದ್ರ ನನಗೇ ಕೇಳಸಿಲ್ಲೇನೋ” ಎಂದರು.

ನೌಕರಿ ಹೋಗುತ್ತದೆಂದು ಹೆದರಿದೆ ಎಂದು ಬರೆದರೆ ಅದು ಅರ್ಧ ಸತ್ಯ. ಆ ಕಚೇರಿಯಲ್ಲಿ ಒಬ್ಬ ಸಾಬರ ಮಾತಿಗಿಂತ ನನ್ನ ಮಾತು ಗಟ್ಟಿ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅದರ ಮೇಲೆಯೇ ನಿಂತು ಮಾತಾಡಿದೆ.

ಅವರನ್ನು ಅಮಾನತು ಮಾಡಿದರು. ಆಮೇಲೆ ಜೇವರ್ಗಿಗೆ ವರ್ಗ. ನಾನು ಮರೆತೆ — ಇಲ್ಲ, ಮರೆತವನಂತೆ ಬದುಕಿದೆ. ಹತ್ತು ವರ್ಷದ ಮೇಲೆ ಜೇವರ್ಗಿಯಿಂದ ಬಂದ ಒಬ್ಬ ಗುಮಾಸ್ತ, “ಮೈಬೂಬಸಾಬ್ರು ಕಿವಿ ಕೇಳಂಗಿಲ್ಲಂತ ತಾವಾಗೇ ನೌಕರಿ ಬಿಟ್ರು” ಎಂದ. ಕಲಬುರ್ಗಿಯ ಡಾಕ್ಟರು ಕಿವಿ ಸರಿ ಇದೆ ಎಂದರೂ ಅವರು ನಂಬಲಿಲ್ಲವಂತೆ. ಮಸೀದಿಯಲ್ಲಿ ಆಜಾನ್ ಆದರೂ, ಆಯಿತೇ ಎಂದು ಪಕ್ಕದವರನ್ನು ಕೇಳುತ್ತಾರಂತೆ.



ಆ ರವಿವಾರ ಜೇವರ್ಗಿಗೆ ಹೋದೆ. ಅವರು ನನ್ನ ಗುರುತು ಹಿಡಿದು, ಕೂರಿಸಿ, ಚಹಾ ತರಿಸಿದರು. ಚಹಾ ಮುಟ್ಟುವ ಮೊದಲೇ ಎಲ್ಲ ಹೇಳಿದೆ — ಕಾಯಿಲ್, ಡ್ರಾವರು, ಆ ಮುಂಜಾನೆ. ಅವರು ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಒಳಗಿದ್ದ ಹೆಂಡತಿಯನ್ನು ಕೂಗಿದರು:

“ಏ, ಕೇಳಿದೇನು ಬೇ? ನನ್ನ ಕಿವಿ ಸರಿ ಇದ್ವಂತ!”

ಸಂತೋಷದ ದನಿ ಅದು. ಆ ಸಂತೋಷವನ್ನು ನಾನು ಕಣ್ಣೆತ್ತಿ ನೋಡಲಾರದೆ ಹೋದೆ. ಆಮೇಲೆ ಅವರು ಒಂದೇ ಒಂದು ಮಾತು ಕೇಳಿದರು: “ಮಣ್ಣೂರಿಗಿ ಹೋಗಿ ನಮ್ಮಣ್ಣಗ ಈ ಮಾತು ಹೇಳ್ತೀರೇನ್ರಿ?”

ಹೋದೆ. ಅಣ್ಣ ಹುಸೇನಸಾಬರು ಬೇವಿನ ಕೆಳಗೆ ಹಗ್ಗ ಹೊಸೆಯುತ್ತಿದ್ದರು. ನಾನು ಹೇಳುವಷ್ಟೂ ಹೊತ್ತು ಅವರ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ನಿಂತಿತು.

“ನೀರು ಬಂದ ದಿನ ತಮ್ಮ ಕುಡದು ಮಲಗಿದ್ದ ಅಂತ ಊರ ಮಂದಿ ಅಂದ್ರು, ನಾನೂ ನಂಬಿದೆ. ಅವ್ವ ತೀರಿದಾಗ ಬಂದಿದ್ದ. ಒಂದು ಹಿಡಿ ಮಣ್ಣು ಹಾಕಗೊಡಲಿಲ್ಲ ನಾ. ಈಗ ಯಾವ ಮಾರಿ ಹೊತ್ತು ಹೋಗ್ಲಿ ಅವನ ಮನಿಗಿ? ನೀವಾ ಹೇಳ್ರಿ.”

ನಾನು ಬಿಸಿಲಿನಲ್ಲಿ ನಿಂತೇ ಇದ್ದೆ. ಅವರು ನೆರಳಿಗೆ ಬಾ ಎನ್ನಲಿಲ್ಲ. ಅನ್ನಬೇಕೆಂದು ನಾನೂ ಬಯಸಲಿಲ್ಲ.