ತೊಡೆಯ ಮೇಲಿನ ಶಹಾಬಾದ ಕಲ್ಲು

ನನ್ನ ಪುಟ್ಟ ಟ್ಯಾಬ್ಲೆಟ್ಟಿಗೆ ಕೀಬೋರ್ಡ್ ಇರುವ ಕವರು ಕೊಂಡೆ. ವೈರಿಲ್ಲ, ಭಾರವಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟರೆ ಸೊಗಸಾಗಿ ನಿಲ್ಲುತ್ತದೆ. ಆದರೆ ನಾನು ಮೇಜಿನ ಮುಂದೆ ಕೂತು ಬರೆಯುವವಳಲ್ಲ. ವಾಡಿ ಊರಿನ ನಮ್ಮ ಮನೆಯ ಹಾಸುಗಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೇ ನನಗೆ ಬರೆಯಲು ಬರುವುದು. ತೊಡೆಯ ಮೇಲಿಟ್ಟರೆ ಟ್ಯಾಬ್ಲೆಟ್ಟು ಮತ್ತೆಮತ್ತೆ ಹಿಂದಕ್ಕೆ ಮಗುಚಿ ಬೀಳುತ್ತಿತ್ತು.

ಕವರು ಮಾರಿದ ಅಂಗಡಿಯವನಿಗೆ ಹೇಳಿದರೆ, "ಲ್ಯಾಪ್‌ಟಾಪೇ ತಗೋರಿ ಮೇಡಂ," ಎಂದ. ನಾನೇಕೆ ತಗೊಳ್ಳಲಿ? ಅಡುಗೆಮನೆಯ ಕಟ್ಟೆಗೆ ಹಾಸಿ ಉಳಿದ ಶಹಾಬಾದ ಕಲ್ಲಿನ ತೆಳು ತುಂಡೊಂದು ಹಿತ್ತಿಲಲ್ಲಿತ್ತು. ತೊಳೆದು, ಅಂಚು ಉಜ್ಜಿ, ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಟ್ಯಾಬ್ಲೆಟ್ಟನ್ನು ನಿಲ್ಲಿಸಿದೆ. ಅಲುಗಲಿಲ್ಲ. ಈ ಬಿಸಿಲಿನಲ್ಲಿ ತೊಡೆಗೂ ತಂಪು.

ಸೇಡಂನಿಂದ ಬಂದ ತಂಗಿ ನೋಡಿ ಬಿದ್ದುಬಿದ್ದು ನಕ್ಕಳು. "ಭಾಳ ಹಗುರ ಅದ ಅಂತ ತಗೊಂಡು, ಅದರ ಬುಡಕ್ಕ ಕಲ್ಲು ಇಟ್ಕೊಂಡೀಯಲ್ಲಕ್ಕಾ!"

ನಾನು ಕೀಬೋರ್ಡಿನ ಮೇಲಿನ ಬೆರಳು ನಿಲ್ಲಿಸದೆಯೇ ಹೇಳಿದೆ:

"ನೀ ಕುಂತ ನೆಲ, ನೀ ಒರಗಿದ ಗ್ವಾಡಿ, ಮ್ಯಾಲಿನ ಮಾಳಗಿ, ಎಲ್ಲಾ ಇದೇ ಕಲ್ಲು. ನಮ್ಮ ಕಡೆ ಕಲ್ಲಿಲ್ಲದ ಏನ್ ನಿಂತದ, ಹೇಳು?"