ಕುತ್ತಿಗೆ ನೋಡಿದ ಓನರ್ ಆಂಟಿ

ಮೊನ್ನೆ ಪಕ್ಕದ ಮನೆಯಿಂದ ಹುಚ್ಚೆಳ್ಳು ಹುರಿಯುವ ವಾಸನೆ ಬಂತು. ಚಿಕ್ಕಲಸಂದ್ರದ ನಮ್ಮ ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಜರಗನಹಳ್ಳಿಯ ಹಳೆಯ ಬಾಡಿಗೆ ಮನೆ ನೆನಪಾಯಿತು. ಕೆಳಗಡೆ ಓನರ್ ಆಂಟಿ ಚಟ್ನಿಪುಡಿ ಮಾಡಿದರೆ ಮಹಡಿಯಲ್ಲಿದ್ದ ನಮ್ಮ ಮನೆಯೆಲ್ಲ ಘಮಘಮ ಅನ್ನುತ್ತಿತ್ತು...

ಆಗ ಮದುವೆಯಾದ ಹೊಸತು. ಎಷ್ಟು ಮಲಗಿದರೂ ಆಯಾಸ ಹೋಗುತ್ತಿರಲಿಲ್ಲ. ಬೇಸಿಗೆಯಲ್ಲೂ ಚಳಿ, ಬಾಚಣಿಗೆ ತುಂಬ ಕೂದಲು. ‘ಈಗಿನ ಹುಡುಗೀರಿಗೆ ಮೈ ಬಗ್ಗಲ್ಲ’ ಎಂದು ಅತ್ತೆ ಊರಿನಿಂದ ಬಂದಾಗಲೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ, ನಾನು ಸೋಮಾರಿಯೇ ಇರಬೇಕು ಎಂದು ನನಗೂ ಅನ್ನಿಸತೊಡಗಿತ್ತು.

ಒಂದು ಬೆಳಿಗ್ಗೆ ತರಕಾರಿ ತಂದವಳು ಹತ್ತಲಾಗದೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಆಂಟಿ ಬಂದು ನನ್ನ ಗದ್ದ ಹಿಡಿದೆತ್ತಿ ನೋಡಿದರು.

“ಯಾಕವ್ವ, ಕುತ್ತಿಗೆ ಹಿಂಗ್ ಊದ್ಕೊಂಡೈತೆ?”

“ದಪ್ಪ ಆಗಿದೀನಿ ಆಂಟಿ, ಅಷ್ಟೇ.”

“ದಪ್ಪ ಅಲ್ಲ ಕಣವ್ವ ಇದು.” ತಮ್ಮ ತಾಳಿಸರ ಪಕ್ಕಕ್ಕೆ ಸರಿಸಿ, ಕುತ್ತಿಗೆಗೆ ಅಡ್ಡಲಾಗಿದ್ದ ಮಾಸಲು ಗೆರೆ ತೋರಿಸಿದರು. “ನಂಗೂ ಥೈರಾಯ್ಡ್ ಆಪರೇಷನ್ ಆಗೈತೆ. ಇವತ್ತೇ ಹೋಗಿ ತೋರುಸ್ಕೊ.”

ರಕ್ತ ಪರೀಕ್ಷೆಯಾದ ಮೇಲೆ ಡಾಕ್ಟರು ವಿವರಿಸಿದರು: ನನ್ನ ದೇಹ ತನ್ನದೇ ಥೈರಾಯ್ಡ್ ಗ್ರಂಥಿಯ ಮೇಲೆ ಯುದ್ಧಕ್ಕೆ ನಿಂತಿದೆ, ಮಾತ್ರೆ ಬಹುಶಃ ಬದುಕಿಡೀ ಬೇಕು. ಅದಕ್ಕಿಂತ ಹೆದರಿಸಿದ್ದು ಸ್ಕ್ಯಾನ್. ಅದರಲ್ಲಿ ಒಂದು ಗಂಟು ಕಂಡಿತ್ತು. ಸೂಜಿ ಚುಚ್ಚಿ ಪರೀಕ್ಷಿಸಬೇಕಿತ್ತು. ಗಂಡ ಕೆಲಸದ ಮೇಲೆ ಪುಣೆಗೆ ಹೋಗಿದ್ದರು. ಊರಿನಲ್ಲಿದ್ದ ಅಮ್ಮನಿಗೆ ಹೇಳುವ ಧೈರ್ಯವಾಗಲಿಲ್ಲ.

ಆಂಟಿಯೇ ಜೊತೆಗೆ ಹೊರಟರು, ರೇಷ್ಮೆ ಸೀರೆ ಉಟ್ಟು, ಹೂ ಮುಡಿದು! ನಾನು ಬೆರಗಾಗಿ ನೋಡಿದ್ದಕ್ಕೆ, “ಆಸ್ಪತ್ರೆಗೆ ಸೋತೋರಂಗೆ ಹೋಗ್ಬಾರ್ದು” ಅಂದರು.

ಒಳಗೆ ನನ್ನ ತಲೆಯ ಬಳಿ ಡಾಕ್ಟರು, ಪಕ್ಕದಲ್ಲಿ ಸ್ಕ್ಯಾನ್ ಯಂತ್ರ. ಆಂಟಿಗೆ ನಿಲ್ಲಲು ಜಾಗವಿದ್ದದ್ದು ಕಾಲ ಬಳಿ ಮಾತ್ರ. ಅವರು ನನ್ನ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತರು. ಸೂಜಿ ಚುಚ್ಚಿದ ನೋವು ಈಗ ನೆನಪಿಲ್ಲ. ಆ ಬೆಚ್ಚಗಿನ ಕೈಗಳು ನೆನಪಿವೆ...

ರಿಪೋರ್ಟ್ ಬರುವವರೆಗೆ ನನ್ನ ಊಟ ಅವರ ಮನೆಯಲ್ಲೇ. ಮುದ್ದೆ ಮುರಿಯುತ್ತಾ ನಾನು ಅತ್ತರೆ, ‘ಅಳಬೇಡ’ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಸಾರು ಬಡಿಸುತ್ತಿದ್ದರು, ಅಷ್ಟೇ.

ರಿಪೋರ್ಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಿದ್ದರೆ ಸಾಕು ಎಂದರು ಡಾಕ್ಟರು. ಓಡಿಬಂದು ಹೇಳಿದಾಗ ಆಂಟಿ ಕುರ್ಚಿಯಲ್ಲಿ ಕುಸಿದು, ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟರು. ಅಲ್ಲಿಯವರೆಗೆ ಅವರ ಕಣ್ಣು ತೇವವಾದದ್ದನ್ನೇ ನಾನು ಕಂಡಿರಲಿಲ್ಲ.

“ನಂದು ಹಂಗ್ ಬಂದಿರ್ಲಿಲ್ಲ ಕಣವ್ವ,” ಅಂದರು, ಕಣ್ಣೊರೆಸಿಕೊಂಡು.

“ಮೊದ್ಲೇ ಯಾಕೆ ಹೇಳ್ಲಿಲ್ಲ ಆಂಟಿ?”

“ಹೇಳಿದ್ರೆ ನೀನು ಇನ್ನೂ ಹೆದ್ರುಕೊತಿದ್ದೆ.”

ತಮ್ಮ ಕುತ್ತಿಗೆಗೆ ಬಂದಿದ್ದ ಕ್ಯಾನ್ಸರಿನ ಮಾತನ್ನು ಅಷ್ಟು ದಿನ ನುಂಗಿಕೊಂಡು ನನಗೆ ಮುದ್ದೆ ಬಡಿಸಿದ್ದರು ಅವರು. ಆ ಆಸ್ಪತ್ರೆಯ ಬೆಂಚಿನ ಮೇಲೆ, ಆ ಸೀರೆಯಲ್ಲಿ ಕೂತಿದ್ದಾಗ ಅವರ ಮನಸ್ಸಿನಲ್ಲಿ ಏನೇನು ಹಾದುಹೋಗಿತ್ತೋ...

ಮಾತ್ರೆ ಶುರುವಾದ ಮೇಲೆ ನಿಧಾನವಾಗಿ ಮೈಗೆ ಚೈತನ್ಯ ಬಂತು. ಒಮ್ಮೊಮ್ಮೆ ಡೋಸ್ ಹೆಚ್ಚುಕಮ್ಮಿಯಾಗಿ ಈಗಲೂ ದಿನಗಳು ಭಾರವಾಗುವುದುಂಟು. ಆದರೆ ನಾನು ಸೋಮಾರಿಯಲ್ಲ ಎಂಬುದು ಈಗ ನನಗೆ ಗೊತ್ತು. ಅದನ್ನು ಮೊದಲು ನಂಬಿದವರು ಆಂಟಿ.

ನಾವು ಚಿಕ್ಕಲಸಂದ್ರಕ್ಕೆ ಬಂದ ಮೇಲೂ ಹಬ್ಬಕ್ಕೆ ಹೋಗಿಬರುತ್ತಿದ್ದೆವು. ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು.

ಈ ಸಲದ ಸ್ಕ್ಯಾನ್ ಹೋದ ವಾರ ಆಯಿತು. ಗಂಟು ಬೆಳೆದಿಲ್ಲ. ಸಂಜೆ ಗಂಡನಿಗೆ ಹೇಳಿದೆ, ಅಮ್ಮನಿಗೆ ಫೋನ್ ಮಾಡಿದೆ. ಇಬ್ಬರೂ ಸಂತೋಷಪಟ್ಟರು. ಆದರೆ ಆ ಸುದ್ದಿ ಕೇಳಿ ಕುರ್ಚಿಯಲ್ಲಿ ಕುಸಿದು ಅಳುವಷ್ಟು ಅದರ ಬೆಲೆ ಗೊತ್ತಿದ್ದವರು ಈಗಿಲ್ಲ.