ಕೋವಿಯ ಮೇಲಿನ ಅಕ್ಕಿಕಾಳು

ಮೊನ್ನೆ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ಮನೆಯೊಂದರಲ್ಲಿ ಉದ್ದನೆಯ ಪೆಟ್ಟಿಗೆಯ ಮುಚ್ಚಳ ತೆಗೆದರು. ಕೋವಿಗೆ ಹಚ್ಚುವ ಎಣ್ಣೆಯ ವಾಸನೆ ಬಂತು. ಆ ವಾಸನೆ ನನಗೆ ತೀರಾ ಪರಿಚಿತ. ನಿಮಗೆ ನಗು ಬರಬಹುದು. ಮೈಸೂರಿನ ಸಾರು-ಅನ್ನದ ಮನೆಯಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿ, ಜಿರಲೆ ಕಂಡರೂ ಕುರ್ಚಿ ಹತ್ತುವ ನನಗೆ ಕೋವಿಯ ನಂಟು ಎಲ್ಲಿಂದ ಬಂತು? ಉತ್ತಯ್ಯನವರಿಂದ ಬಂತು.

ಎಂಬತ್ತರ ದಶಕದಲ್ಲಿ ಸಾಂಟಾ ಕ್ಲಾರಾದಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪವಾಗಿತ್ತು. ನನ್ನ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿದ್ದ ಉತ್ತಯ್ಯ ಕೊಡಗಿನವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಅವರ ಹೆಂಡತಿ ತಂಗಮ್ಮಕ್ಕ ಮಾಡುವ ಕಡುಬಿನ ಆಸೆಗೆ ನಾನು ಸಂಜೆಯೆಲ್ಲ ಅಲ್ಲೇ ಬಿದ್ದಿರುತ್ತಿದ್ದೆ. “ಹಂದಿ ಪಾತ್ರೆ ಆಚೆ ಇಟ್ಟಿದ್ದೇನೆ, ನೀನು ಧೈರ್ಯವಾಗಿ ಉಣ್ಣು” ಎನ್ನುತ್ತಿದ್ದರು ಅಕ್ಕ.

ಉತ್ತಯ್ಯನವರಿಗೆ ಒಂದೇ ಕನಸು: ಅಲಾಸ್ಕಾಕ್ಕೆ ಹೋಗಿ ಕರಡಿ ಬೇಟೆಯಾಡುವುದು. ಅದಕ್ಕೆ ನಂಬಬಹುದಾದ ಕೋವಿ ಬೇಕು. ಶನಿವಾರ ಬಂತೆಂದರೆ ನನ್ನನ್ನೂ ಕಾರಿನಲ್ಲಿ ಹಾಕಿಕೊಂಡು ಅಂಗಡಿಗಳನ್ನು ಸುತ್ತುತ್ತಿದ್ದರು. ನಮ್ಮ ಚಿಕ್ಕಮ್ಮ ಸೀರೆ ಆರಿಸುವುದನ್ನು ನೋಡಿದ್ದ ನನಗೆ ತಾಳ್ಮೆಯ ಅಭ್ಯಾಸವಿತ್ತು. ಇವರು ಚಿಕ್ಕಮ್ಮನನ್ನೂ ಮೀರಿಸಿದರು. ಅಂಗಡಿಯವನು ಹೊಳೆಯುವ ಕೋವಿಗಳನ್ನು ಮುಂದಿಟ್ಟರೆ, ಕಣ್ಣು ಮುಚ್ಚಿ ಒಂದೊಂದರ ಬೋಲ್ಟನ್ನೂ, ಅಂದರೆ ತೋಟಾ ಒಳಗೆ ತಳ್ಳಿ ಬಾಗಿಲಂತೆ ಮುಚ್ಚುವ ಅಗುಳಿಯನ್ನು, ಎತ್ತಿ, ಎಳೆದು, ತಳ್ಳಿ, ಇಳಿಸಿ ತಲೆಯಾಡಿಸುತ್ತಿದ್ದರು. ಕೊನೆಗೆ ಮೂಲೆಯಲ್ಲಿದ್ದ, ಹಿಡಿ ಸವೆದ ಒಂದು ಹಳೆಯದರ ಬೋಲ್ಟಿನ ಮಗ್ಗುಲಲ್ಲಿದ್ದ ಉದ್ದನೆಯ ಉಕ್ಕಿನ ಕೊಕ್ಕೆಯನ್ನು ಮುಟ್ಟಿ ತೋರಿಸಿದರು.

“ತೋಟಾ ಒಳಗೆ ಹೋಗುವಾಗಲೇ ಇದು ಹಿಡ್ಕೊಳ್ತದೆ. ಹೊರಗೆ ಎಳೆಯುವವರೆಗೆ ಬಿಡುವುದಿಲ್ಲ. ಕರಡಿ ಬರುವಾಗ ನಿನ್ನ ಕಣ್ಣು ಕರಡಿ ಮೇಲೆ ಇರ್ತದೆ ಮಾರಾಯ, ಕೋವಿ ಮೇಲಲ್ಲ.”

“ನನ್ನ ಕಣ್ಣು ಮುಚ್ಚಿರುತ್ತೆ ಸಾರ್” ಎಂದೆ.

ಅದನ್ನೇ ಕೊಂಡರು. ಆಮೇಲೆ ಪರೀಕ್ಷೆಗಳು. ಗುರಿ ಅಭ್ಯಾಸದ ಮೈದಾನದಲ್ಲಿ ಅದನ್ನು ಒದ್ದೆ ಮಾಡಿದರು, ಧೂಳು ಹಾರಿಸಿದರು, ತಲೆಕೆಳಗಾಗಿ ಹಿಡಿದು ಬೋಲ್ಟು ಆಡಿಸಿದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೋವಿ ಕೆಳಗಿಟ್ಟಾಗ ಬೋಲ್ಟು ತೆರೆದೇ ಇರಬೇಕೆಂಬುದು ಅಲ್ಲಿಯ ನಿಯಮ. ಅದನ್ನು ಅವರು ಮನೆಯಲ್ಲೂ ಪಾಲಿಸುತ್ತಿದ್ದರು.

ಅಷ್ಟರಲ್ಲಿ ಕೈಲ್ ಮುಹೂರ್ತ ಬಂತು, ಕೊಡಗಿನವರು ಕೋವಿಗೆ ಪೂಜೆ ಮಾಡುವ ಹಬ್ಬ. ಊರಿನ ಹೂವು ಸಿಗದೆ ತಂಗಮ್ಮಕ್ಕ ಅಂಗಳದ ಗುಲಾಬಿಯನ್ನೇ ನಳಿಗೆಗೆ ಕಟ್ಟಿದರು. ಕೋವಿ ನೆಲದ ಮೇಲೆ, ನಿಯಮದಂತೆ ಬೋಲ್ಟು ತೆರೆದು, ಮಲಗಿತ್ತು. ಉತ್ತಯ್ಯ ಕಣ್ಣು ಮುಚ್ಚಿ ಹಿರಿಯರನ್ನು ನೆನೆದು ಅರಿಸಿನದ ಅಕ್ಕಿಯನ್ನು ಧಾರಾಳವಾಗಿ ಹಾಕಿದರು.

ಮರುದಿನ ಗಿಲ್‌ರಾಯ್ ಊರಿನಾಚೆಯ ಗುಡ್ಡಗಳಿಗೆ ಹೋದೆವು. ಪರಿಚಯದ ರೈತನೊಬ್ಬನ ಜಮೀನಿಗೆ ಕಾಡುಹಂದಿಗಳು ನುಗ್ಗುತ್ತಿದ್ದವು. ಕರಡಿಗೆ ಮೊದಲು ಹಂದಿಯ ಮೇಲೆ ಒಂದು ಪರೀಕ್ಷೆ ಎಂದರು ಉತ್ತಯ್ಯ. ಒಣಹುಲ್ಲಿನ ನಡುವೆ ಕಂಡ ಸಲಗ ಹಂದಿಗೆ ಮೊದಲ ಗುಂಡು ತಾಗಿತು. ಅದು ಬೀಳಲಿಲ್ಲ, ತಿರುಗಿತು. ತಲೆ ತಗ್ಗಿಸಿ ನೇರ ನಮ್ಮ ಕಡೆಗೇ ಬಂತು.

ಉತ್ತಯ್ಯ ಬೋಲ್ಟು ಎಳೆದು ತಳ್ಳಿದರು. ಅದರ ಹಿಡಿಕೆ ಕೆಳಗಿಳಿಯಲಿಲ್ಲ. ಒತ್ತಿದರು. ಇಳಿಯಲಿಲ್ಲ.

ಆ ಗೊರಸಿನ ಸದ್ದು ನನಗೆ ಈಗಲೂ ಕೇಳುತ್ತದೆ. ಫ್ರೀವೇಯಲ್ಲಿ, ಗ್ರೋಸರಿ ಅಂಗಡಿಯ ಸಾಲಿನಲ್ಲಿ, ಎಲ್ಲೆಂದರಲ್ಲಿ. ಓಡಬೇಕೆನ್ನಿಸಿತು. ಉತ್ತಯ್ಯ ಮಾತ್ರ ಹಂದಿಯಿಂದ ಕಣ್ಣು ತೆಗೆಯದೆ ಬೋಲ್ಟನ್ನು ಬಲವಾಗಿ ಹಿಂದಕ್ಕೆಳೆದರು. ಕೊಕ್ಕೆ ಹಿಡಿದದ್ದನ್ನು ಬಿಡಲಿಲ್ಲ, ಸಿಕ್ಕಿಕೊಂಡ ತೋಟಾ ಹಾರಿ ನನ್ನ ಬೂಟಿನ ಬಳಿ ಬಿತ್ತು. ಮುಂದಿನದು ಒಳಗೆ ಹೋಯಿತು. ಸಲಗ ನಮ್ಮ ಮೇಲೆ ಧೂಳೆರಚುತ್ತ ಕುಸಿಯಿತು.

ಬಗ್ಗಿ ತೋಟಾ ಎತ್ತಿಕೊಂಡೆ. ಅದರ ಹಿತ್ತಾಳೆಗೆ ನುಜ್ಜಾದ ಒಂದು ಅಕ್ಕಿಕಾಳು ಅಂಟಿತ್ತು, ಅರಿಸಿನದ ಬಣ್ಣದ್ದು, ಪೂಜೆಯಲ್ಲಿ ತೆರೆದ ಬೋಲ್ಟಿನೊಳಗೆ ಬಿದ್ದು ಉಳಿದದ್ದು. ಉತ್ತಯ್ಯ ಅದನ್ನು ಉಗುರಿನಿಂದ ಕೆರೆದು ಬಹಳ ಹೊತ್ತು ನೋಡಿದರು.

“ನೀರು ನೋಡಿದೆ, ಮಣ್ಣು ನೋಡಿದೆ” ಎಂದರು. “ಆಶೀರ್ವಾದ ಒಂದು ನೋಡಲಿಕ್ಕೆ ಬಿಟ್ಟುಹೋಯ್ತು.”

ನಕ್ಕೆವು. ಅಂದಿನಿಂದ ಹಬ್ಬದಲ್ಲಿ ಕೋವಿಗೆ ಹೂವು ಮಾತ್ರ, ಅಕ್ಕಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಕೋವಿಗೂ ಹಾಕಿ ಎಂದರೆ, “ಬರುವ ಬೇಸಿಗೆಗೆ ಅಲಾಸ್ಕಾಕ್ಕೆ ಹೋಗ್ಬೇಕಲ್ಲ” ಎನ್ನುತ್ತಿದ್ದರು. ಪ್ರತಿ ವರ್ಷವೂ ಬರುವ ಬೇಸಿಗೆಗೇ. ಎಣ್ಣೆ ಹಾಕುವುದನ್ನು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ. ನಾನೂ ಆ ಬೇಸಿಗೆಯನ್ನು ನಂಬಿದ್ದೆ. ಹೆದರಿಕೆಯ ಜೊತೆಗೇ, ಮತ್ತೊಮ್ಮೆ ಅವರ ಪಕ್ಕದಲ್ಲಿ ಹಾಗೆ ನಿಲ್ಲಬೇಕೆಂಬ ಆಸೆಯೂ ಇತ್ತೆಂದರೆ ನೀವು ನಂಬುತ್ತೀರೋ ಇಲ್ಲವೋ.

ಮೊನ್ನೆಯದು ಅವರಿಲ್ಲದ ಮೊದಲ ಕೈಲ್ ಮುಹೂರ್ತ. ಪ್ಲೆಸೆಂಟನ್ನಿನ ತನ್ನ ಮನೆಯಲ್ಲಿ ಪೆಟ್ಟಿಗೆ ತೆರೆದ ಅವರ ಮಗಳು, “ಅಂಕಲ್, ಯೂ ಚೆಕ್ ಇಟ್” ಎಂದು ಕೋವಿಯನ್ನು ನನ್ನ ಕೈಗಿತ್ತಳು. ಬೋಲ್ಟು ತೆರೆದು, ಖಾಲಿಯಿದೆಯೆಂದು ನೋಡಿ, ನೆಲದ ಮೇಲೆ ಮಲಗಿಸಿದೆ. ತಂಗಮ್ಮಕ್ಕ ಹೂವಿಟ್ಟರು. ನನ್ನ ಅಂಗೈಗೆ ಅಕ್ಕಿ ಸುರಿದರು. ನಾನು ಎಂದಿನಂತೆ ತಟ್ಟೆಗೆ ಹಾಕಲು ಹೋದೆ.

“ಕೋವಿಗೇ ಹಾಕು” ಎಂದರು ಅಕ್ಕ. “ಇನ್ನು ಅದು ಎಲ್ಲಿಗೂ ಹೋಗ್ಲಿಕ್ಕಿಲ್ಲ.”

ಕಾಳು ಒಳಗೆ ಬೀಳದಂತೆ ಬೋಲ್ಟು ಮುಚ್ಚೋಣವೆಂದು ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡೆ. ತೆರೆದೇ ಇದ್ದ ಕೋವಿಯ ಮೇಲೆ ಅಕ್ಕಿ ಹಾಕಿದೆ. ಒಂದೆರಡು ಕಾಳು ಒಳಗೆ ಬಿದ್ದ ಸದ್ದಾಯಿತು. ಯಾರೂ ತೆಗೆಯಲಿಲ್ಲ.